ಕೈ ಹಚ್ಚಿದವರು ಯಾರು

ಮೊನ್ನೆ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಮೇಡಂ ಅವರ ಬೀಳ್ಕೊಡುಗೆ ಆಯಿತು. ನನಗೆ ಮಾತಾಡಲು ಐದು ನಿಮಿಷ ಕೊಟ್ಟಿದ್ದರು. ಕನ್ನಡ ಮಾಸ್ತರನಿಗೆ ಐದು ನಿಮಿಷ ಎಲ್ಲಿ ಸಾಕಾಗುತ್ತದೆ? ವೇದಿಕೆಯ ಮೇಲಿದ್ದವರ ಹೆಸರು ಹೇಳುವುದರಲ್ಲೇ ಅರ್ಧ ಹೋಯಿತು. ಉಳಿದ ಅರ್ಧದಲ್ಲಿ ಶಿಸ್ತು, ಸಮಯಪಾಲನೆ, ವಿದ್ಯಾರ್ಥಿಗಳ ಮೇಲಿನ ವಾತ್ಸಲ್ಯ ಎಂದು ಎಲ್ಲರ ಬಗ್ಗೆಯೂ ಹೇಳಬಹುದಾದ ಮಾತುಗಳನ್ನು ಹೇಳಿ ಬಂದು ಕುಳಿತೆ. ಪಕ್ಕದಲ್ಲಿ ಹಾರ ಹಾಕಿಕೊಂಡು ಕುಳಿತಿದ್ದ ಅವರು ನನ್ನ ಕಡೆ ವಾಲಿ, "ಸರ್, ಈಗ ಹೇಳಿದ್ರಲ್ಲ, ಆ ಮೇಡಂ ಯಾರ್ರಿ? ನನಗೂ ಒಮ್ಮಿ ಭೆಟ್ಟಿ ಮಾಡಸ್ರಿ" ಅಂದರು. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಮೇಡಂ ಅಂದರೆ ಹೆಸರು ಯಾರೂ ಕೇಳುವುದಿಲ್ಲ.

ಮೇಡಂ ನಿಪ್ಪಾಣಿಯವರು. ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಮನೆಯಲ್ಲಿ ಮರಾಠಿ, ಪಾಠ ಕನ್ನಡದಲ್ಲಿ, ಬಸ್ಸಿನಲ್ಲಿ ಎರಡೂ ಕಲಸಿದ್ದು. ಸಾಧಾರಣ ಸಿಟ್ಟು ಬಂದರೆ ಕನ್ನಡದಲ್ಲಿ ಬೈಯುತ್ತಿದ್ದರು, ಜಾಸ್ತಿ ಬಂದರೆ ಮರಾಠಿಯಲ್ಲಿ. ಹುಡುಗರು ಇದನ್ನು ಸರಿಯಾಗಿ ಲೆಕ್ಕ ಹಾಕಿಟ್ಟುಕೊಂಡಿದ್ದರು. "ಇನ್ನಾ ಕನ್ನಡದಾಗ ಅದಾರ, ಹೆದರ್ಬ್ಯಾಡ" ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳುವುದನ್ನು ನಾನೇ ಕೇಳಿದ್ದೇನೆ. ಹುಡುಗರನ್ನು ಬೈಯುವಾಗಲೂ ಒಂದು ಮರ್ಯಾದೆ ಇರುತ್ತಿತ್ತು. ಕಂಪ್ಯೂಟರಿಗೆ ಮಾತ್ರ ಅದೂ ಇಲ್ಲ. "ಲೇ, ಕಾಯ್ ಝಾಲಂ ತುಲಾ? ಏನಾಗೇತಿ ಬಾಯಿ ಬಿಡು" ಎಂದು ಅದರ ತಲೆಯ ಮೇಲೆ ತಟ್ಟುತ್ತಿದ್ದರು. ಅವರ ಚೀಲದಲ್ಲಿ ಒಂದು ಸ್ಟೀಲಿನ ಡಬ್ಬಿ, ಅದರ ತುಂಬ ಭಡಂಗ, ಅಂದರೆ ಬೆಳ್ಳುಳ್ಳಿ ಖಾರ ಹಚ್ಚಿದ ಚುರುಮುರಿ. ಯಾರು ಬಂದರೂ ಒಂದು ಮುಷ್ಟಿ ಖಾತ್ರಿ. ತಿನ್ನುವುದು ಮಾತ್ರ ಲ್ಯಾಬಿನ ಹೊರಗೆ, ಕೈ ತೊಳೆದು ಒಳಗೆ. ಪ್ರಿನ್ಸಿಪಾಲರಿಗೂ ಇದೇ ಕಾನೂನು.

ಕನ್ನಡದವನಾದ ನಾನು ಅವರ ಲ್ಯಾಬಿಗೆ ಬಿದ್ದದ್ದು ಹೇಗೆ ಎಂದು ಕೇಳುತ್ತೀರಿ. ಒಂದು ದಿನ ಪ್ರಿನ್ಸಿಪಾಲರ ಸುತ್ತೋಲೆ ಪ್ರಿಂಟಿಗೆ ಹೋದಾಗ ಕನ್ನಡವೆಲ್ಲ ಚಿತ್ರವಿಚಿತ್ರ ಗೆರೆಗಳಾಗಿ ಬಂತು. ನಾನು ಫಾಂಟು ಬದಲಿಸಿ ಸರಿ ಮಾಡಿದೆ. ಅಷ್ಟೇ. ಅಂದಿನಿಂದ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಬಲ್ಲವನಾಗಿಬಿಟ್ಟೆ, ಮರುವಾರವೇ ಪ್ರಾಯೋಗಿಕ ಪರೀಕ್ಷೆಯ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಆದೇಶದ ಪ್ರತಿ ಹಿಡಿದುಕೊಂಡು ಲ್ಯಾಬಿಗೆ ಹೋದೆ. ಮೇಡಂ ಓದಿ ನೋಡಿ, "ಸರ್, ನಿಮಗ ಏನೇನ್ ಬರ್ತೈತ್ರಿ?" ಅಂದರು. "ಅಕ್ಷರಾ ದೊಡ್ಡದು ಮಾಡಾಕ ಬರ್ತೈತ್ರಿ" ಅಂದೆ. "ಭಾಳ ಆತು. ಕುಂದರ್ರಿ" ಎಂದು ಭಡಂಗದ ಡಬ್ಬಿ ತೆಗೆದರು. ಕುಳಿತವನನ್ನು ಎಬ್ಬಿಸಿ ಹೊರಗೆ ಕಳಿಸಿ ಆಮೇಲೆ ಕೊಟ್ಟರು.

ಆ ಲ್ಯಾಬಿನ ಕಂಪ್ಯೂಟರುಗಳಲ್ಲಿ ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಏನು ಬೇಕೋ ಅದನ್ನು ಹುಕುಂ ಮಾಡಿದ ಹಾಗೆ ಟೈಪು ಮಾಡಬೇಕು, ಅದು ಉತ್ತರ ಕೊಡುತ್ತದೆ. ನಾವು ಕೂಡುವುದಕ್ಕೂ ಮೊದಲೇ ಯಂತ್ರವು ತಾನಾಗಿ ಓದಿಕೊಳ್ಳುವ ಒಂದು ಚಿಕ್ಕ ಫೈಲು ಇರುತ್ತದೆ. ಅದಕ್ಕೆ ಮೇಡಂ ಇಟ್ಟ ಹೆಸರು ಮುಂಜಾನೆ ಫೈಲು. "ಎದ್ದ ಕೂಡ್ಲೆ ಮೊದ್ಲ ಏನ್ ಮಾಡ್ಬೇಕು, ಯಾರಿಗೆ ಏನಂತ ಕರೀಬೇಕು ಅಂತ ಮಶೀನಿಗೆ ಬರದಿಟ್ಟಿರ್ತೀವ್ರಿ. ಅದನ್ನ ಓದಿನ ಅದು ಹಾಸಿಗಿ ಬಿಡೂದು" ಎಂದು ನನಗೆ ತಿಳಿಸಿ ಹೇಳಿದ್ದರು. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆಯಂತೆ. ನನಗೆ ಮುಂಜಾನೆ ಫೈಲೇ ಸಾಕು.

ಈ ಫೈಲಿನಲ್ಲಿ ಒಂದು ಸಾಲು ಹೆಚ್ಚುಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ತೋರಿಸಿಕೊಟ್ಟವನು ರಾಯಬಾಗ ಕಡೆಯ ದಿಗ್ಗೇವಾಡಿಯ ಹುಡುಗ. ಅವನ ಗೆಳೆಯ ಅಥಣಿಯವನು, ಪಾಪ, ಸಂಭಾವಿತ. ಆ ದಿನ ಅಥಣಿಯವನು ಬಂದು ಕುಳಿತು, ನನ್ನ ಫೈಲುಗಳ ಪಟ್ಟಿ ತೋರಿಸು ಎಂದು ಯಂತ್ರಕ್ಕೆ ಹುಕುಂ ಕೊಟ್ಟ. ಪಟ್ಟಿ ಬರಲಿಲ್ಲ. "ಊಟಾ ಆತೇನ್ರಿ" ಎಂದು ಇಂಗ್ಲಿಷ್ ಲಿಪಿಯಲ್ಲಿ ಬಂತು. ಮತ್ತೆ ಕೊಟ್ಟ, ಮತ್ತೆ ಅದೇ. ಹುಡುಗ ಗಾಬರಿಯಾಗಿ ಕೊನೆಗೆ "ಆಗೇತ್ರಿ" ಎಂದು ಟೈಪು ಮಾಡಿದನಂತೆ. ಇಡೀ ಲ್ಯಾಬು ನಗುವಾಗ ಮೇಡಂ ಬಂದರು. ಪರದೆಯ ಕಡೆ ನೋಡಲೇ ಇಲ್ಲ. "ನಿನ್ನಿ ಛಲೋ ಇತ್ತಿಲ್ಲೋ?" ಎಂದು ಕೇಳಿದರು.

"ಇತ್ರಿ ಮೇಡಂ."

"ಹಂಗಾರ ನಿನ್ನಿಗೂ ಇವತ್ತಿಗೂ ನಡಕ ಯಾರ್ ಕೈ ಹಚ್ಯಾರ?"

ಇದು ಅವರ ಮೂಲಮಂತ್ರ. ಕಂಪ್ಯೂಟರು ಕೆಟ್ಟರೂ ಇದೇ ಪ್ರಶ್ನೆ, ಫ್ಯಾನು ಕೆಟ್ಟರೂ ಇದೇ, ಸ್ಟಾಫ್ ರೂಮಿನಲ್ಲಿ ಇಬ್ಬರು ಮಾತು ಬಿಟ್ಟರೂ ಇದೇ. ಯಂತ್ರಕ್ಕೆ ತಾನಾಗಿ ಹುಚ್ಚು ಹಿಡಿಯುವುದಿಲ್ಲ, ಯಾರೋ ಕೈ ಹಚ್ಚಿರುತ್ತಾರೆ, ಅದು ಯಾರು ಯಾವಾಗ ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ ಎಂಬುದು ಅವರ ನಂಬಿಕೆ. ದಿಗ್ಗೇವಾಡಿಯವನು ಎದ್ದು ನಿಂತ. ಗೆಳೆಯನ ಮುಂಜಾನೆ ಫೈಲಿನಲ್ಲಿ ತಾನೇ ಒಂದು ಸಾಲು ಸೇರಿಸಿದ್ದನ್ನು ಒಪ್ಪಿಕೊಂಡ. ಮೇಡಂ ಬೈಯಲಿಲ್ಲ. "ಕೈ ಹಚ್ಚಿದ್ದು ತಪ್ಪಲ್ಲಪಾ. ಹಚ್ಚಿ ಗಪ್ ಕುಂತದ್ದು ತಪ್ಪು. ಈ ವಾರ ಲ್ಯಾಬಿನ ಕಸಾ ನಿಂದು" ಅಂದರು. ಅಂದಿನಿಂದ ಅದೇ ಕಾಯಿದೆಯಾಯಿತು. ಯಾರೇ ಕೈ ಹಚ್ಚಿ ಹೇಳದೆ ಉಳಿದರೆ ಒಂದು ವಾರ ಕಸಬರಿಗೆ.

ಇನ್ನು ದಸರಾದ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ಕತೆ. ಆ ವರ್ಷ ಲ್ಯಾಬಿಗೆ ಹೊಸ ಸರ್ವರ್ ಬಂದಿತ್ತು. ಉಳಿದೆಲ್ಲ ಕಂಪ್ಯೂಟರುಗಳಿಗೂ ಹಿರಿಯಣ್ಣನಂತಿದ್ದ ಅದನ್ನು ಮೂಲೆಯಲ್ಲಿ ಒಂದು ಮೇಜು ಹಾಕಿ ಕೂರಿಸಿದ್ದರು. ನಮ್ಮ ಕಡೆ ಖಂಡೇಪೂಜೆಯ ದಿನ ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ತಕ್ಕಡಿ, ಹೊಲಿಗೆ ಯಂತ್ರ, ಯಾವುದನ್ನೂ ಬಿಡುವುದಿಲ್ಲ. ಹೊಸದಾಗಿ ಬಂದ ಸರ್ವರನ್ನು ಬಿಟ್ಟಾರೆಯೇ? ನಮ್ಮ ಶಿಪಾಯಿ ಅಪ್ಪಾಸಾಬ ಅರಿಶಿನ, ಕುಂಕುಮ, ಚೆಂಡುಹೂವಿನ ಮಾಲೆ, ತೆಂಗಿನಕಾಯಿ ಎಲ್ಲ ಹಿಡಿದು ಬಂದ. ಹಿಂದೆ ಪ್ರಿನ್ಸಿಪಾಲರು. ಮೇಡಂ ಸರ್ವರಿಗೆ ಅಡ್ಡ ನಿಂತರು.

"ಅಪ್ಪಾಸಾಬ, ಕುಂಕುಮ ಒಳಗ್ ಹೋತಂದ್ರ ಇದರ ಪಂಖಾ ನಿಲ್ತೈತಿ. ಕಾಯಿ ಹೊರಗ್ ಒಡಿ."

"ಹೊಸಾ ಮಶೀನ್ರಿ ಮೇಡಂ. ಒಂದ ಬಟ್ಟಾರ ಹಚ್ಚೂಣ್ರಿ" ಎಂದ ಅವನು.

ಪ್ರಿನ್ಸಿಪಾಲರ ಮುಖ ಸಣ್ಣದಾಯಿತು. ಅವರ ಮನೆದೇವರು ಯಡೂರಿನ ವೀರಭದ್ರ. ಮದುವೆಯ ಕಾರ್ಡಿರಲಿ, ಹಾಜರಿ ಪುಸ್ತಕವಿರಲಿ, ತಲೆಯ ಮೇಲೆ ಶ್ರೀ ವೀರಭದ್ರ ಪ್ರಸನ್ನ ಎಂದು ಬರೆಯದೆ ಅವರು ಒಂದು ಸಾಲೂ ಮುಂದೆ ಹೋದವರಲ್ಲ. ಮೇಡಂ ಅವರ ಮುಖ ನೋಡಿ ಕರಗಿದರು. "ಸರ್, ಹೊರಗ ಹಚ್ಚೂದು ಬ್ಯಾಡ, ನಾ ಒಳಗ ಹಚ್ತೀನಿ" ಎಂದು ಕುಳಿತು, ಸರ್ವರಿನಲ್ಲಿ ಎಲ್ಲರಿಗೂ ಅನ್ವಯವಾಗುವ ಮುಂಜಾನೆ ಫೈಲಿನ ತುದಿಗೆ ಒಂದು ಸಾಲು ಬರೆದರು. ಯಾರೇ ಸರ್ವರಿನ ಬಾಗಿಲು ತೆರೆದರೂ ಮೊದಲು ಇಂಗ್ಲಿಷ್ ಅಕ್ಷರದಲ್ಲಿ "Shri Veerabhadra Prasanna" ಎಂದು ಬರುವಂತೆ ಮಾಡಿದರು. ಪ್ರಿನ್ಸಿಪಾಲರು ಪರದೆಗೆ ಕೈ ಮುಗಿದರು. ಅಪ್ಪಾಸಾಬ ಹೊಸ್ತಿಲ ಹೊರಗೆ ಕಾಯಿ ಒಡೆದ. ಪೇಡೆ ಹಂಚಿದರು, ತಿಂದೆವು, ರಜೆಗೆ ಹೋದೆವು.

ರಜೆ ಮುಗಿಸಿ ಬಂದಾಗ ಟೇಬಲ್ಲಿನ ಮೇಲೆ ವಿಶ್ವವಿದ್ಯಾಲಯದ ಕಾಗದ ಕಾದಿತ್ತು. ಇನ್ನು ಮೇಲೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಪೆನ್ ಡ್ರೈವ್ ನಡೆಯದು, ಪರೀಕ್ಷೆ ಮುಗಿದೊಡನೆ ಎಲ್ಲ ವಿದ್ಯಾರ್ಥಿಗಳ ಉತ್ತರವೂ ತಾನಾಗಿ ಒಂದೇ ಸರ್ವರಿಗೆ ಬಂದು ಸೇರಬೇಕು. ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ. ಆಗದಿದ್ದರೆ ಚಿಕ್ಕೋಡಿಯ ಕೇಂದ್ರ ರದ್ದು, ನಮ್ಮ ಹುಡುಗರು ಬೆಳಗಾವಿಗೆ ಹೋಗಿ ಪರೀಕ್ಷೆ ಬರೆಯಬೇಕು. ನನಗೆ ಮೊದಲು ಇದು ದೊಡ್ಡ ಮಾತೆನಿಸಲಿಲ್ಲ. ಹೋದರೆ ಹೋದರು, ಬೆಳಗಾವಿ ಏನು ಪರದೇಶವೇ ಎಂದುಕೊಂಡಿದ್ದೆ. ಸುಜಾತಾಳ ಅಪ್ಪ ಬಂದ ಮೇಲೆ ಗೊತ್ತಾಯಿತು.

ಸುಜಾತಾ ಕರೋಶಿಯ ಹುಡುಗಿ, ಕೊನೆಯ ವರ್ಷ. ಮೇಡಮ್ಮಿಗೆ ಅವಳ ಮೇಲೆ ವಿಶೇಷ ಭರವಸೆ. ಅಪ್ಪ ಬೇರೆಯವರ ಹೊಲದಲ್ಲಿ ಕಬ್ಬು ಕಡಿಯುವವನು. ಸುದ್ದಿ ಕೇಳಿ ಕೆಲಸ ಬಿಟ್ಟು ಬಂದಿದ್ದ. ಲ್ಯಾಬಿನ ಹೊರಗೆ ಟವೆಲು ಮಡಿಸುತ್ತ ನಿಂತು, "ಮೇಡಂ, ಪರೀಕ್ಷಾ ಇಲ್ಲೇ ಇದ್ರ ಕಳಸ್ತೀನ್ರಿ. ಬೆಳಗಾವಿ ಅಂದ್ರ ಆಗೂದಿಲ್ಲ" ಎಂದ.

"ಯಾಕ್ರಿ ಅಣ್ಣಾ? ಇಷ್ಟ್ ವರ್ಷ ಕಲಸೀರಿ."

"ಅಲ್ಲಿ ಆಕಿ ಎಲ್ಲಿ ಇರ್ಬೇಕ್ರಿ? ನಮ್ಮಾವ್ರು ಅಂತ ಒಬ್ರೂ ಇಲ್ಲ. ನಾ ಸಂಗಾಟ ಹೋಗೂಣ ಅಂದ್ರ ಕಬ್ಬಿನ ಹಂಗಾಮ ಚಾಲೂ ಆಗೇತಿ, ಕಡಿಯಾವ್ರ ಟೋಳಿ ಬಿಟ್ ಬರಾಕ ಆಗೂದಿಲ್ಲ. ಹೆಣ್ಣುಮಗಳನ್ನ ಒಬ್ಬಾಕಿನ್ನ ಕಳಸಿ ನನಗ ನಿದ್ದಿ ಹತ್ತೂದಿಲ್ರಿ."

ಅವನ ಮಾತಿನಲ್ಲಿ ಹಟ ಇರಲಿಲ್ಲ, ಬರೀ ಕಳವಳ. ಸುಜಾತಾ ಗೋಡೆಗೆ ಆತು ನೆಲ ನೋಡುತ್ತಿದ್ದಳು. ಅವಳಂತೆ ಇನ್ನೂ ಎಷ್ಟೋ ಹುಡುಗಿಯರು ಯಡೂರು, ಕಾಗವಾಡ ಕಡೆಯಿಂದ ಬಸ್ಸಿಗೆ ಬಂದು ಬಸ್ಸಿಗೆ ಹೋಗುವವರು. ಮೇಡಂ ಅವನಿಗೆ, "ಕೇಂದ್ರ ಎಲ್ಲೂ ಹೋಗೂದಿಲ್ರಿ, ನೀವು ನಿಶ್ಚಿಂತಿ ಇರ್ರಿ" ಎಂದು ಮಾತು ಕೊಟ್ಟರು. ಅವನು ಹೋದ ಮೇಲೆ ನನಗೆ ಹೇಳಿದರು, "ಸರ್, ಸರ್ವರ್ ಬಂದ ಹೊಸದರಾಗ, ದಸರಾಕ್ಕಿಂತ ಮೊದ್ಲ ಒಮ್ಮಿ ಮಾಡಿ ನೋಡೀನಿ. ಎಲ್ಲಾ ಫೈಲು ಸರ್ವರಿಗೆ ಬರೋಬರ್ ಬಂದಿದ್ದು. ಏನೂ ಭಾನಗಡಿ ಇಲ್ಲ."

ಅಧಿಕಾರಿ ಬರುವ ಹಿಂದಿನ ದಿನ ಒಮ್ಮೆ ಎಲ್ಲರ ಎದುರು ಮಾಡಿ ನೋಡೋಣ ಎಂದು ಹುಡುಗರನ್ನು ಕೂರಿಸಿದೆವು. ಉತ್ತರ ಬರೆದರು, ಸರ್ವರಿಗೆ ಕಳಿಸುವ ಹುಕುಂ ಕೊಟ್ಟರು. ಒಂದೂ ಹೋಗಲಿಲ್ಲ. ಎಲ್ಲ ಪರದೆಗಳ ಮೇಲೂ ಒಂದೇ ದೂರು: ಬಂದ ಸಂದೇಶ ತೀರ ಉದ್ದವಾಯಿತು. ಅದರ ಮುಂದೆ ಒಂದು ಸಂಖ್ಯೆ, 1399353961. ಹುಡುಗರು ಬರೆದಿದ್ದೇ ನಾಲ್ಕು ಸಾಲು. ಈ ನೂರಾ ಮೂವತ್ತೊಂಬತ್ತು ಕೋಟಿ ಚಿಲ್ಲರೆ ಉದ್ದದ್ದು ಎಲ್ಲಿಂದ ಬಂತು? ಮೇಡಂ ಸೆರಗು ಸಿಕ್ಕಿಸಿಕೊಂಡರು.

"ದಸರಾದ ಮೊದ್ಲ ಛಲೋ ಇತ್ತು. ನಡಕ ಯಾರ್ ಕೈ ಹಚ್ಯಾರ?"

ವಿಚಾರಣೆ ಶುರುವಾಯಿತು. ಹುಡುಗರನ್ನು ಸಾಲಾಗಿ ಕೇಳಿದರು. ದಿಗ್ಗೇವಾಡಿಯವನನ್ನು ಮಾತ್ರ ಎರಡು ಸಲ ಕೇಳಿದರು. ಅವನು ಅವರವ್ವನ ಆಣೆ ಹಾಕಿದ. ನನ್ನನ್ನೂ ಬಿಡಲಿಲ್ಲ: "ಸರ್, ಅಕ್ಷರಾ ಏನಾರ ದೊಡ್ಡದು ಮಾಡೀರೇನ್ರಿ?" ಇಲ್ಲವೆಂದೆ. ವಯರು ಬದಲಿಸಿ ನೋಡಿದರು, ಬೇರೆ ಯಂತ್ರದಿಂದ ಕಳಿಸಿ ನೋಡಿದರು. ಅದೇ ಸಂಖ್ಯೆ. ಅಷ್ಟರಲ್ಲಿ ಯಾರೋ, "ಕಾಯಿ ಒಡದಾಗ ನೀರ ಸಿಡದಿದ್ದಾವ್ರಿ" ಎಂದುಬಿಟ್ಟರು. ಎಲ್ಲರೂ ಅಪ್ಪಾಸಾಬನ ಕಡೆ ತಿರುಗಿದರು. ಅವನ ಮುಖ ಬಿಳುಚಿಕೊಂಡಿತು. "ನಾ ಹೊಸ್ತಿಲದ ಹೊರಗ ಒಡದೀನ್ರಿ ಮೇಡಂ. ನನ್ನ ನೌಕರಿಗೆ ಕುತ್ತ ಬರೂದಿಲ್ಲಲ್ರಿ?" ಎಂದು ಬಾಗಿಲಲ್ಲೇ ಕುಸಿದು ಕುಳಿತ. ನನಗೆ ಕೆಡುಕೆನಿಸಿತು.

ಮೇಡಂ ಎಲ್ಲರನ್ನೂ ಸುಮ್ಮನಾಗಿಸಿದರು. ಸಂಖ್ಯೆಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. "ನೀರ ಬಿದ್ದಿದ್ರ ಮಶೀನು ತಾಸಿಗೊಂದು ಬಡಬಡಸ್ತಿತ್ತು. ಇದು ಎಲ್ಲಾ ಕಡೆ ಒಂದಽ ಮಾತು ಹೇಳಾಕತ್ತೈತಿ. ಅಂದ್ರ ಇದಕ್ಕ ಹುಚ್ಚ ಹಿಡದಿಲ್ಲ, ಇದು ಏನೋ ಓದೇತಿ" ಅಂದರು. ಸಂಖ್ಯೆಯನ್ನು ಯಂತ್ರದೊಳಗೆ ಬರೆಯುವ ರೀತಿಗೆ ಬದಲಿಸಿ ನಾಲ್ಕು ತುಂಡು ಮಾಡಿದರು. ಯಂತ್ರದೊಳಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಇರುತ್ತದಂತೆ, ಅದರ ತಖ್ತೆ ಲ್ಯಾಬಿನ ಗೋಡೆಯ ಮೇಲೇ ಇತ್ತು. ಸುಜಾತಾಳನ್ನು ಅದರ ಮುಂದೆ ನಿಲ್ಲಿಸಿ, "ಮೊದಲ್ನೇ ತುಂಡು ಯಾವ ಅಕ್ಷರ ನೋಡವಾ" ಅಂದರು.

"ಎಸ್ ರಿ."

"ಎರಡನೇದು?"

"ಎಚ್. ಆಮ್ಯಾಲ ಆರ್. ಆಮ್ಯಾಲ ಐ."

ಬೋರ್ಡಿನ ಮೇಲೆ Shri ಎಂದು ಬರೆದಾಯಿತು. ಮೇಡಂ ಅದನ್ನು ನೋಡಿದರು, ಸರ್ವರನ್ನು ನೋಡಿದರು, ಸೀಮೆಸುಣ್ಣ ಕೆಳಗಿಟ್ಟರು. ಹಣೆಗೆ ಕೈ ಹಚ್ಚಿಕೊಂಡು "ಅಗಂ ಬಾಯಿ, ಅಯ್ಯ ನಮ್ಮವ್ವಾ" ಎಂದು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ಉಸಿರು ಹಿಡಿದು ನಮಗೆ ತಿಳಿಸಿದರು. ಫೈಲು ಕಳಿಸುವಾಗ ಎರಡು ಯಂತ್ರಗಳು ಮೊದಲು ತಮ್ಮತಮ್ಮಲ್ಲಿ ಲೆಕ್ಕ ಮಾತಾಡಿಕೊಳ್ಳುತ್ತವೆ, ನನ್ನ ಮಾತು ಇಷ್ಟು ಉದ್ದ ಅಂತ. "ಗೋದಾಮಿನ ಬಾಗಲದಾಗ ಒಬ್ಬಾಂವ ಎಷ್ಟ್ ಚೀಲಾ ಅಂತ ಬರಕೊಳ್ಳಾಕ ನಿಂತಾನ ತಿಳೀರಿ. ನಮ್ಮ ಸರ್ವರಪ್ಪ ಚೀಲಾ ಎಣಿಸಿ ಹೇಳೂಕ್ಕಿಂತ ಮೊದ್ಲ ಶ್ರೀ ವೀರಭದ್ರ ಪ್ರಸನ್ನ ಅಂದ. ಬರಕೊಳ್ಳಾಂವ ಶ್ರೀ ಅನ್ನೂದನ್ನಽ ಚೀಲದ ಲೆಕ್ಕ ಅಂತ ಬರಕೊಂಡ."

ಹುಡುಗರು ಮೊದಲು ಅರ್ಥವಾಗದೆ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ನಗತೊಡಗಿದರು. ಮೇಡಂ ಅಪ್ಪಾಸಾಬನ ಹತ್ತಿರ ಹೋಗಿ ಅವನನ್ನು ಎಬ್ಬಿಸಿದರು. ತರಗತಿಯ ಕಡೆ ತಿರುಗಿ, "ಎಲ್ಲಾರೂ ಕೇಳ್ರಿ. ಕೈ ಹಚ್ಚಿದಾಕಿ ನಾನು. ಅಪ್ಪಾಸಾಬಂದು ಏನೂ ತಪ್ಪಿಲ್ಲ. ಈ ವಾರ ಕಸಾ ನಂದು" ಎಂದರು. ಅವರೊಂದು ನೆಪ ಹೇಳಬಹುದಾಗಿತ್ತು. ಪ್ರಿನ್ಸಿಪಾಲರ ಒತ್ತಾಯಕ್ಕೆ ಬರೆದೆ ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ಆ ಮಾತು ಅವರ ಬಾಯಿಗೆ ಬರಲೇ ಇಲ್ಲ. ಅವತ್ತು ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಬೀಳ್ಕೊಡುಗೆಯಲ್ಲಿ ಇದೊಂದನ್ನೇ ಹೇಳಿದ್ದರೂ ಸಾಕಾಗಿತ್ತು.

ಆದರೆ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಆ ಸಾಲನ್ನು ಅಳಿಸಲು ಕುಳಿತಾಗ ಅಪ್ಪಾಸಾಬನೇ ಅಡ್ಡ ಬಂದ. "ಪೂಜಾದಾಗ ಬರದದ್ದರಿ ಅದು. ನಾಳೆ ಸಾಹೇಬ್ರು ಬರಾವ್ರು ಅದಾರ, ಇವತ್ತ ದೇವರ ಹೆಸರ ಅಳಸ್ತೀರೇನ್ರಿ?" ಪ್ರಿನ್ಸಿಪಾಲರೂ ಸುದ್ದಿ ತಿಳಿದು ಓಡಿ ಬಂದರು. ಕರ್ಚೀಫಿನಿಂದ ಕನ್ನಡಕ ಒರೆಸುತ್ತ ನಿಂತರು. ಮೇಡಂ ಇಬ್ಬರನ್ನೂ ನೋಡಿ, ಸಾಲನ್ನು ಹಾಗೇ ಬಿಟ್ಟು ಅದರ ಮೇಲೆ ಒಂದು ಷರತ್ತು ಬರೆದರು. "ಎದುರಿಗೆ ಮನಷ್ಯಾ ಕುಂತಿದ್ರ ದೇವರ ಹೆಸರ ಹೇಳು. ಮಶೀನ್ ಬಂದು ಮಾತಾಡಸ್ತಂದ್ರ ಗಪ್ ಲೆಕ್ಕಾ ಹೇಳು ಅಂದೀನ್ರಿ. ದೇವ್ರಿಗೂ ಸಿಟ್ಟಿಲ್ಲ, ಮಶೀನಿಗೂ ಸಿಟ್ಟಿಲ್ಲ." ಮತ್ತೆ ಹುಕುಂ ಕೊಟ್ಟರು. ಫೈಲುಗಳು ಒಂದರ ಹಿಂದೊಂದು ಸರ್ವರಿಗೆ ಬಂದು ಕುಳಿತವು.

ಮರುದಿನ ಅಧಿಕಾರಿ ಬಂದಾಗ ಮೇಡಂ ಕೈಯಲ್ಲಿ ಕಸಬರಿಗೆ ಇತ್ತು. ಅವರು ಇವರನ್ನು ನೋಡಿ, "ಲ್ಯಾಬಿನ ಮೇಡಂ ಎಲ್ಲಿ?" ಎಂದು ಕೇಳಿದರು. "ಒಂದ ಮೂಲಿ ಉಳದೈತ್ರಿ, ಬಂದೆ" ಎಂದು ಗುಡಿಸಿ ಮುಗಿಸಿಯೇ ಬಂದರು. ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು. ಅಧಿಕಾರಿ ಎಲ್ಲ ನೋಡಿ ಸಹಿ ಹಾಕಿದರು. ಕೇಂದ್ರ ಚಿಕ್ಕೋಡಿಯಲ್ಲೇ ಉಳಿಯಿತು.

ಪರೀಕ್ಷೆಯ ದಿನ ಸುಜಾತಾಳ ಅಪ್ಪ ಮಧ್ಯಾಹ್ನವೇ ಬಂದು ಗೇಟಿನ ಹತ್ತಿರ ಕುಳಿತಿದ್ದ. ಕಬ್ಬಿನ ಒಣಗರಿಯ ರವದಿ ತಾಗಿ ಕೈಯೆಲ್ಲ ಗೀರು. ಪರೀಕ್ಷೆ ಮುಗಿದು ಹುಡುಗರು ಹೊರಬಿದ್ದ ಮೇಲೆ ಮೇಡಂ ಅವನನ್ನು ಒಳಗೆ ಕರೆದರು. ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಬಂದ. ಸರ್ವರಿನ ಪರದೆಯ ಮೇಲೆ ಉತ್ತರಗಳ ಸಾಲು ಇತ್ತು. "ಅಣ್ಣಾ, ಇದು ನೋಡ್ರಿ, ಸುಜಾತಾಂದು" ಎಂದು ಮೇಡಂ ಬೆರಳಿಟ್ಟು ತೋರಿಸಿದರು. ಓದಲು ಬರದಿದ್ದರೂ ಅವನು ಬಗ್ಗಿ ಬಹಳ ಹೊತ್ತು ನೋಡಿದ. ಸುಜಾತಾ ನಾಚಿ ಅವನ ಹಿಂದೆ ನಿಂತಿದ್ದಳು.

"ಇನ್ನ ಇದು ಇಲ್ಲೇ ಇರ್ತೈತೇನ್ರಿ?" ಎಂದು ಕೇಳಿದ.

"ಇಲ್ರಿ, ಬೆಳಗಾವಿಗೆ ಹೋಗ್ತೈತಿ. ತಪಾಸ ಮಾಡಿ ಮಾರ್ಕ್ಸ್ ಹಾಕಾವ್ರು ಅಲ್ಲಿ ಅದಾರ."

"ಆಕಿ ಬರದದ್ದು ಬೆಳಗಾವ್ಯಾಗ ನೋಡ್ತಾರಂತೀರಿ?"

"ಹೌದ್ರಿ. ದೊಡ್ಡ ದೊಡ್ಡಾವ್ರು ಕುಂತು ನೋಡ್ತಾರ."

ಅವನು ಪರದೆಯಿಂದ ಕಣ್ಣು ತೆಗೆದು ಮಗಳನ್ನು ನೋಡಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಮೇಡಂ ಕಡೆ ತಿರುಗಿ, "ಮುಂದ ಕಲೀತೀನಿ ಅಂತ ಮನ್ಯಾಗ ದಿನಾ ಅಳ್ತಾಳ್ರಿ. ಇರಾಕ ಒಂದ ಛಲೋ ಜಾಗಾ ನೀವು ನೋಡಿ ಕೊಡ್ರಿ ಮೇಡಂ. ಬೆಳಗಾವಿಗೆ ನಾನಽ ಕರಕೊಂಡ್ ಹೋಗಿ ಬಿಟ್ಟ್ ಬರ್ತೀನಿ" ಅಂದ.